ಗಿಡ್ಡ ಮನೆ ಮಾರಾಟಕ್ಕಿದೆ

ಟೈಪಮ್ಮ ತೀರಿಕೊಂಡ ನಾಲ್ಕನೇ ದಿನ ಬೆಳಗ್ಗೆ ಅವರ ತಮ್ಮನ ಮಗ ಬಂದು, ಮನೆಯ ಮುಂಬಾಗಿಲಿಗೂ ಬೀದಿಗೆ ಮುಖ ಮಾಡಿದ್ದ ಮುಂದಿನ ಕೋಣೆಯ ಷಟರಿಗೂ ಹೊಸ ಬೀಗ ಜಡಿದು ಹೋದ. ಆ ಕೋಣೆಯನ್ನು ಇಪ್ಪತ್ತೆರಡು ವರ್ಷಗಳಿಂದ ಬಾಡಿಗೆಗೆ ಹಿಡಿದಿದ್ದ ಹೊಲಿಗೆಯವಳ ಎರಡು ಮಿಷನ್ನು, ಇಸ್ತ್ರಿ ಪೆಟ್ಟಿಗೆ, ಮೂರು ಕತ್ತರಿ, ಗುಂಡಿ ಹಾಕುವುದೊಂದೇ ಬಾಕಿಯಿದ್ದ ಹನ್ನೊಂದು ಸ್ಕೂಲು ಅಂಗಿಗಳು ಒಳಗೇ ಉಳಿದವು. ಬೀಗ ಒಂಬತ್ತು ದಿನ ಹಾಗೇ ಇತ್ತು.

ಹತ್ತನೇ ದಿನ ವಕೀಲರ ಆಫೀಸಿನಿಂದ ಅವಳಿಗೆ ಫೋನು ಬಂತು.

ಕೀಲಿ ಕೊಡಿಸಲು ಕರೆಸಿದ್ದಾರೆ ಅಂದುಕೊಂಡು ಹೊಲಿಗೆಯವಳು ಓಡಿದಳು. ವಕೀಲರು ವಯಸ್ಸಾದವರು, ವರ್ಷದ ಹನ್ನೆರಡು ತಿಂಗಳೂ ನೆಗಡಿ. ಟೈಪಮ್ಮ ಮೂವತ್ತಾರು ವರ್ಷ ಕೋರ್ಟಿನ ಪಕ್ಕದ ಕಟ್ಟಡದಲ್ಲಿ ಕೂತು ಇಂಥ ವಕೀಲರ ಕಾಗದಗಳನ್ನೆಲ್ಲ ಟೈಪು ಮಾಡಿಕೊಟ್ಟವರು. ಊರಿನ ಅರ್ಧದಷ್ಟು ಉಯಿಲುಗಳು ಅವರ ಬೆರಳ ತುದಿಯಿಂದಲೇ ಇಳಿದಿದ್ದವು. ಮದುವೆಯಾಗಿರಲಿಲ್ಲ. ಹತ್ತಿರದವರೆಂದರೆ ತಮ್ಮನ ಇಬ್ಬರು ಮಕ್ಕಳು, ಅಣ್ಣ ಮತ್ತು ತಂಗಿ. ಇಬ್ಬರೂ ಅಲ್ಲಿದ್ದರು. ಅಣ್ಣನಿಗೆ ಬೀದಿಯವರು ಇಟ್ಟ ಹೆಸರು ‘ಟೈಮಿಲ್ಲ’. ದೊಡ್ಡತ್ತೆಯನ್ನು ನೋಡಿಕೊಂಡು ಹೋಗಪ್ಪ ಅಂತ ಯಾರು ಫೋನು ಮಾಡಿದರೂ ಅವನಿಂದ ಬರುತ್ತಿದ್ದ ಉತ್ತರ ಅದೊಂದೇ. ಆಫೀಸಿನಲ್ಲಿದ್ದದ್ದು ಮೂರು ಕುರ್ಚಿ. ಒಂದರಲ್ಲಿ ಅವನು, ಒಂದರಲ್ಲಿ ತಂಗಿ, ಇನ್ನೊಂದರಲ್ಲಿ ಅವನ ಹೆಲ್ಮೆಟ್ಟು. ಹೊಲಿಗೆಯವಳು ಬಾಗಿಲ ಹತ್ತಿರ ನಿಂತಳು.

ವಕೀಲರು ಮೂಗು ಒರೆಸಿಕೊಂಡು ಓದಿದರು. ಉಯಿಲು ಒಂದೇ ಹಾಳೆ. ಒಂದು ಅಕ್ಷರದ ತಪ್ಪೂ ಇಲ್ಲ. ಮನೆ ಮಾರಬೇಕು, ಬಂದದ್ದನ್ನು ಅಣ್ಣ ತಂಗಿಗೆ ಸರಿಸಮ ಹಂಚಬೇಕು. ಇದನ್ನೆಲ್ಲ ನಡೆಸಿಕೊಡುವ ಎಕ್ಸಿಕ್ಯೂಟರ್, ಮುಂದಿನ ಕೋಣೆಯ ಬಾಡಿಗೆದಾರಳಾದ ಹೊಲಿಗೆಯವಳು.

“ಅಂದ್ರೆ ಏನು ಸಾರ್?” ಅಂದಳು ಹೊಲಿಗೆಯವಳು.

“ಅಂದ್ರೆ ಮನೆ ಮಾರೋರು ನೀವು. ಯಾರಿಗೆ, ಯಾವಾಗ, ಹೇಗೆ, ಎಲ್ಲ ನಿಮ್ಮ ತೀರ್ಮಾನ. ಟೈಪಮ್ಮ ಇಲ್ಲ, ಅವರ ಕೈ ಇನ್ನೂ ಇದೆ ಅಂದ್ಕೊಳ್ಳಿ. ಆ ಕೈ ನೀವು.”

“ನನಗೆ ಅಂತ ಏನಾದ್ರೂ ಬರೆದಿದ್ದಾರಾ?”

“ಏನೂ ಇಲ್ಲ.”

“ಕೆಲಸ ಮಾತ್ರ?”

“ಕೆಲಸ ಮಾತ್ರ.”

“ಹಾಗಾದ್ರೆ ಟೈಪಮ್ಮನೇ ಬರೆದಿರೋದು,” ಅಂದಳು. ವಕೀಲರು ಕರವಸ್ತ್ರದೊಳಗೆ ನಕ್ಕರು.

ಟೈಮಿಲ್ಲ ಎದ್ದು ನಿಂತ. “ಸಾರ್, ತಮಾಷೆ ಬೇಡ. ಇವಳು ಜಿಪ್ಪು ಹಾಕೋಳು. ಇವಳ ಕೈಗೆ ಮನೆ ಕೊಡೋದಾ? ದೊಡ್ಡತ್ತೆಗೆ ಕೊನೇಲಿ ತಲೆ ಸರಿ ಇರ್ಲಿಲ್ಲ ಅನ್ಸುತ್ತೆ.”

“ಉಯಿಲು ಹನ್ನೆರಡು ವರ್ಷ ಹಳೇದು. ಆಗ ಅವರು ನನ್ನ ಕಾಗದದಲ್ಲಿ ತಪ್ಪು ಹುಡುಕ್ತಾ ಇದ್ರು. ನೀವು ಮೊದಲು ಆ ಹೆಲ್ಮೆಟ್ ತೆಗೀರಿ. ಎಕ್ಸಿಕ್ಯೂಟರ್ ನಿಂತಿದ್ದಾರೆ.”

ಹೆಲ್ಮೆಟ್ಟು ಅವನ ತೊಡೆಗೆ ಹೋಯಿತು. ಹೊಲಿಗೆಯವಳು ಕುರ್ಚಿಯ ತುದಿಗೆ ಕೂತಳು. ಕೂತದ್ದೇ ತಡ, ಹೊಟ್ಟೆಯೊಳಗಿಂದ ನಗು ಬಿಕ್ಕಳಿಕೆಯ ಹಾಗೆ ಒಂದೊಂದೇ ಮೇಲೆ ಬರತೊಡಗಿತು. ತುಟಿ ಕಚ್ಚಿದಳು, ಉಗುರು ಒತ್ತಿಕೊಂಡಳು, ಟೈಪಮ್ಮ ತೀರಿಕೊಂಡದ್ದನ್ನು ನೆನೆದಳು. ಆಗ ಕಣ್ಣಲ್ಲಿ ನೀರೂ ಬಂತು, ನಗುವೂ ನಿಲ್ಲಲಿಲ್ಲ. ವಕೀಲರು ಒಂದು ಲೋಟ ನೀರು ಮುಂದಕ್ಕೆ ತಳ್ಳಿ, ಟೈಮಿಲ್ಲನ ಕಡೆ ಅಂಗೈ ಚಾಚಿದರು.

“ಕೀಲಿಗಳು.”

ಎರಡು ಹೊಸ ಕೀಲಿಗಳು ಅವಳ ಮಡಿಲಿಗೆ ಬಂದವು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಹೆಜ್ಜೆಗೊಂದು ಸಲ ಆ ಪದ ಹೇಳಿಕೊಂಡಳು. ಎಕ್ಸಿ, ಕ್ಯೂ, ಟರ್. ಮಿಷನ್ನು ತುಳಿಯುವ ಲಯಕ್ಕೆ ಅದು ಚೆನ್ನಾಗಿ ಕೂರುತ್ತಿತ್ತು.

ಬೀದಿಗೆ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಎದುರು ಮನೆಯ ನರ್ಸಮ್ಮ ಗೇಟಿನಲ್ಲೇ ಹಿಡಿದಳು.

“ನಿನಗೇನು ಬಿಟ್ಟುಹೋದ್ರು?”

“ಕೆಲಸ.”

“ಅಯ್ಯೋ ನಿನ್ನ! ಮನೆ ಮಾರ್ಬಿಟ್ರೆ ನಿನ್ನ ಅಂಗಡಿ ಎಲ್ಲೇ? ತಗೊಂಡೋನು ಮೊದಲನೇ ದಿನಾನೇ ನಿನ್ನ ಮಿಷನ್ನು ಎತ್ತಿ ರಸ್ತೆಗಿಡ್ತಾನೆ. ನೀನೇ ನಿನ್ನ ಕಾಲ ಕೆಳಗಿನ ನೆಲ ಮಾರ್ಬೇಕಲ್ಲೇ!”

“ಹೌದಲ್ವಾ!” ಅಂದಳು ಹೊಲಿಗೆಯವಳು, ಇನ್ನೂ ನಗುತ್ತಲೇ. ಷಟರು ಎತ್ತಿದ ಮೇಲೆ, ಎರಡು ಮಿಷನ್ನಿನ ಮೇಲೂ ಕೂತಿದ್ದ ಒಂಬತ್ತು ದಿನದ ಧೂಳನ್ನು ಒರೆಸುವಾಗ ಮಾತ್ರ ಅವಳ ಕೈ ನಿಧಾನವಾಯಿತು. ಅವಳಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಆ ಬೀದಿಯಲ್ಲಿ ಬೇರೆ ಖಾಲಿ ಕೋಣೆ ಇರಲಿಲ್ಲ. ಅವಳ ಗಿರಾಕಿಗಳೆಲ್ಲ ಆ ಬೀದಿಯವರು.

ಕೋರ್ಟಿನ ಮುದ್ರೆ ಬಿದ್ದ ಕಾಗದ ಬರಲು ಏಳು ತಿಂಗಳು ಹಿಡಿಯಿತು. ಬಂದ ದಿನವೇ ಅವಳು ಕೊರಳಿಗೆ ಟೇಪು ಹಾಕಿಕೊಂಡು ಮನೆಯೊಳಗೆ ಹೋದಳು. ವಕೀಲರು, ಜಾಹೀರಾತಿನಲ್ಲಿ ಅಳತೆ ಸರಿಯಾಗಿ ಬರೀರಿ ಅಂದಿದ್ದರು. ಅಳತೆ ತೆಗೆಯುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಟ್ಟೆಯ ಟೇಪನ್ನು ಗೋಡೆಗೆ ಒತ್ತಿ ಒತ್ತಿ ನಡೆದಳು. ಹಾಲು, ಮಲಗುವ ಕೋಣೆ, ಅಡುಗೆಮನೆ, ಬಚ್ಚಲು. ಅಳತೆ ಪುಸ್ತಕದಲ್ಲಿ ಹೊಸ ಪುಟ ತೆರೆದು ಮೇಲೆ ‘ಮನೆ’ ಅಂತ ಬರೆದಳು. ಕೆಳಗೆ ಉದ್ದ, ಅಗಲ. ಪ್ರತಿ ಅಳತೆಗೂ ಕೈ ತಾನಾಗಿಯೇ ಒಂದು ಕಡೆ ಎರಡಿಂಚು, ಇನ್ನೊಂದು ಕಡೆ ಎರಡಿಂಚು ಸೇರಿಸುತ್ತ ಹೋಯಿತು. ಮೂವತ್ತು ವರ್ಷದ ಅಭ್ಯಾಸ. ಹಾಗೇ ಪತ್ರಿಕೆಗೆ ಕೊಟ್ಟಳು.

ಮೊದಲು ಬಂದವರು ಬ್ಯಾಂಕಿನವರು. ಎತ್ತರದ ಮನುಷ್ಯ, ಪಕ್ಕದಲ್ಲಿ ಹೆಂಡತಿ, ಜೇಬಿನಲ್ಲಿ ಕಬ್ಬಿಣದ ಟೇಪು. ಹೊಲಿಗೆಯವಳು ಮುಂದೆ ಮುಂದೆ ನಡೆದಳು. ಹಿಂದಿನಿಂದ ಧಪ್ ಅಂತ ಸದ್ದು ಬಂತು. ತಿರುಗಿದರೆ ಬ್ಯಾಂಕಿನವರು ಹಣೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟಿದ್ದರು.

ಆಗ ಅವಳಿಗೆ ಹೊಳೆದದ್ದು, ಆ ಮನೆ ಗಿಡ್ಡ ಅಂತ.

ಟೈಪಮ್ಮ ನಾಲ್ಕಡಿ ಎಂಟಿಂಚು. ಹೊಲಿಗೆಯವಳು ಐದಡಿ ಮುಟ್ಟುವುದಕ್ಕೆ ಒಂದಿಂಚು ಕಮ್ಮಿ. ಇಬ್ಬರೂ ಇಪ್ಪತ್ತೆರಡು ವರ್ಷ ಅಲ್ಲಿ ತಲೆಯೆತ್ತಿಕೊಂಡೇ ಓಡಾಡಿದ್ದರು. ಗಿರಾಕಿಗಳೆಲ್ಲ ಮುಂದಿನ ಕೋಣೆಗೆ ಬಂದು ಹೋಗುವವರು. ಆ ಷಟರು ಅಂಗಡಿಯವರು ಮಾಡಿಟ್ಟ ಅಳತೆಯದು, ಎಲ್ಲರ ಎತ್ತರದ್ದು. ಒಳಮನೆಯ ಬಾಗಿಲುಗಳನ್ನು ಮಾತ್ರ ಟೈಪಮ್ಮ ತಾವೇ ನಿಂತು ಕಟ್ಟಿಸಿದ್ದರು. ಇನ್ನೊಂದು ಅಡಿ ಎತ್ತರಿಸೋಣಮ್ಮ ಅಂತ ಗಾರೆಯವನು ಗೋಗರೆದನಂತೆ. “ಕೋರ್ಟಿನ ಕೌಂಟರು, ಬಸ್ಸಿನ ಹಿಡಿ, ಆಫೀಸಿನ ಬೀರು, ಎಲ್ಲ ಉದ್ದದ ಗಂಡಸರ ಅಳತೆಗೇ ಇವೆ. ನಾನು ದುಡಿದು ಕಟ್ಟಿಸ್ತಿರೋದು ಇದೊಂದು. ಇದು ನನ್ನ ಅಳತೆಗಿರ್ಲಿ,” ಅಂದಿದ್ದರಂತೆ. ಅದನ್ನು ಅವರೇ ಒಮ್ಮೆ ಗುಂಡಿ ಹಾಕಿಸಿಕೊಳ್ಳುತ್ತ ಹೇಳಿದ್ದರು. ಹೊಲಿಗೆಯವಳು ಬಾಯಲ್ಲಿ ದಾರ ಕಚ್ಚಿಕೊಂಡು ಹೂಂಗುಟ್ಟಿದ್ದಳು. ಅಷ್ಟೇ.

ಬ್ಯಾಂಕಿನವರು ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡೇ ಹಾಲಿನ ಉದ್ದ ಅಳೆದರು.

“ಹದಿನಾಲ್ಕು ಅಡಿ ನಾಲ್ಕಿಂಚು ಅಂತ ಹಾಕಿದ್ದೀರಿ. ಹದಿನಾಲ್ಕೇ ಇದೆಯಲ್ಲ?”

“ಹೌದು, ಹದಿನಾಲ್ಕೇ.”

“ಮತ್ತೆ ನಾಲ್ಕಿಂಚು?”

“ಅದು ಹೊಲಿಗೆಗೆ ಬಿಟ್ಟಿದ್ದು ಸಾರ್.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. “ಗೋಡೆಗೆ ಎಲ್ಲಮ್ಮ ಹೊಲಿಗೆ?”

ಹೊಲಿಗೆಯವಳಿಗೆ ತಾನು ಏನು ಮಾಡಿದೆ ಅನ್ನುವುದು ಆಗ ಗೊತ್ತಾಯಿತು. ಬಾಯಿಗೆ ಕೈ ಹೋಯಿತು. ಹೆಂಡತಿಗೆ ಮೊದಲು ನಗು ಬಂತು. ಆಕೆ ನಕ್ಕದ್ದು ನೋಡಿ ಹೊಲಿಗೆಯವಳಿಗೆ ಬಂತು. ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕರು. ಬ್ಯಾಂಕಿನವರು ಮಧ್ಯದಲ್ಲಿ ಹಣೆಯ ಮೇಲೆ ಬಟ್ಟೆ ಇಟ್ಟುಕೊಂಡು, ಇಬ್ಬರಿಗೂ ತಲೆ ಕೆಟ್ಟಿದೆ ಅನ್ನುವ ಹಾಗೆ ನಿಂತಿದ್ದರು.

“ಬಾಗಿಲು ಒಡೆದು ಎತ್ತರಿಸಬಹುದಾ?” ಅಂತ ಹೋಗುವ ಮುಂಚೆ ಕೇಳಿದರು.

ಅವಳು ಗಾರೆಯವನನ್ನು ಕರೆಸಿ ಕೇಳಿಯೇ ಹೇಳಿದಳು. “ಆಗಲ್ಲ ಸಾರ್. ಬಾಗಿಲ ಮೇಲಿನ ತೊಲೆ ಮನೆ ಸುತ್ತ ಒಂದೇ. ಅದರ ಮೇಲೆ ಅಟ್ಟ ಕೂತಿದೆ. ಬಿಚ್ಚಿದ್ರೆ ಎಲ್ಲ ಬಿಚ್ಚಿಕೊಳ್ಳುತ್ತೆ. ನಿಮಗೆ ಇದು ಬಿಗಿ.”

ಮಾರನೇ ದಿನ ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಿದಳು. ಹಿಂದಿನ ಅಳತೆಗಳಲ್ಲಿ ನಾಲ್ಕು ನಾಲ್ಕು ಇಂಚು ಕಳೆದುಕೊಳ್ಳತಕ್ಕದ್ದು, ತಪ್ಪು ನನ್ನದು, ಎಕ್ಸಿಕ್ಯೂಟರ್. ಅದನ್ನು ನೋಡಲೆಂದೇ ಜನ ಬಂದರು. ಲಾರಿ ಮಾಲೀಕ ಬಂದ, ಧಪ್. ಕಾಲೇಜಿನ ಮೇಷ್ಟ್ರು ಬಂದರು, ಧಪ್. ಹೊಸದಾಗಿ ಮದುವೆಯಾದ ಜೋಡಿ ಕೈ ಕೈ ಹಿಡಿದುಕೊಂಡು ಬಂತು. ಗಂಡ ಧಪ್ ಅಂದ, ಹೆಂಡತಿ ಅವನ ತಲೆ ಸವರಲು ಬಗ್ಗಿ ಮೇಲೇಳುವಾಗ ಅಡುಗೆಮನೆಯ ಬಾಗಿಲಿಗೆ ಅವಳೂ ಧಪ್. ನರ್ಸಮ್ಮ ಎದುರು ಮನೆಯಿಂದ ಸದ್ದು ಕೇಳಿ ಎಷ್ಟನೆಯದು ಅಂತ ಬೆರಳೆತ್ತಿ ತೋರಿಸುತ್ತಿದ್ದಳು, ಹತ್ತಿ ಹಿಡಿದುಕೊಂಡು ಓಡಿ ಬರುತ್ತಿದ್ದಳು. ಹೊಲಿಗೆಯವಳು ಕೋಟುಗಳ ಭುಜಕ್ಕೆ ಹಾಕುವ ದಪ್ಪನೆಯ ಪ್ಯಾಡುಗಳನ್ನು ಸಾಲಾಗಿ ಜೋಡಿಸಿ ಹೊಲಿದು, ಪ್ರತಿ ಬಾಗಿಲ ಮೇಲ್ಗಡೆಗೂ ಮೊಳೆ ಹೊಡೆದಳು. ಅಲ್ಲಿಂದ ಮುಂದೆ ಧಪ್ ಹೋಗಿ ಪುಸ್ ಆಯಿತು.

ಆಮೇಲೊಂದು ದಿನ ಟೈಮಿಲ್ಲನಿಗೆ ಟೈಮಾಯಿತು.

ಷಟರಿನ ಮುಂದೆ ಗಾಡಿ ನಿಲ್ಲಿಸಿ, ಜಾಹೀರಾತು ಎರಡನ್ನೂ ಹಿಡಿದುಕೊಂಡು ಸೀದಾ ಒಳಮನೆಗೆ ನುಗ್ಗಿದ. ದೊಡ್ಡತ್ತೆ ಇದ್ದಾಗ ಅವನು ಜಗಲಿ ದಾಟಿದವನಲ್ಲ. ಪುಸ್.

“ಏನಿದು?”

“ಭುಜ ಸಾರ್. ಕೋಟಿಂದು.”

“ನೀನು ಬೇಕಂತಲೇ ಮಾಡ್ತಿದ್ದೀಯ,” ಅಂದ. “ಬಂದೋರಿಗೆಲ್ಲ ಬಿಗಿ ಬಿಗಿ ಅಂತೀಯಂತೆ. ಯಾಕೆ ಅಂತ ಗೊತ್ತಿಲ್ವಾ ನನಗೆ? ಮನೆ ಮಾರಾಟವಾದ್ರೆ ನಿನ್ನ ಅಂಗಡಿ ಹೋಗುತ್ತೆ. ಅದಕ್ಕೇ ಓಡಿಸ್ತಿದ್ದೀಯ. ಮೇಲೆ ಸುಳ್ಳು ಅಳತೆ ಬೇರೆ. ಕೋರ್ಟಿಗೆ ಒಂದು ಅರ್ಜಿ ಹಾಕಿದ್ರೆ ನಿನ್ನ ಎಕ್ಸಿಕ್ಯೂಟರ್‌ಗಿರಿ ಒಂದು ದಿನ ಇರಲ್ಲ.”

ಅವನು ಹೋದ ಮೇಲೆ ಅವಳು ಮಿಷನ್ನಿನ ಮುಂದೆ ಕೂತಳು, ತುಳಿಯಲಿಲ್ಲ. ಅವನು ಹೇಳಿದ್ದರಲ್ಲಿ ನಿಜವಿತ್ತಾ? ತನಗೆ ತಾನೇ ಕೇಳಿಕೊಂಡಳು. ‘ಬಿಗಿ’ ಅನ್ನುವಾಗ ತನ್ನ ದನಿಯಲ್ಲಿ ಒಂದು ಚೂರು ಖುಷಿ ಇರಲಿಲ್ಲವಾ? ಇತ್ತು. ಒಂದು ಚೂರಲ್ಲ, ಒಂದು ಮುಷ್ಟಿ ಇತ್ತು. ಮನೆ ಮಾರುತ್ತೇನೆ ಅಂತ ಒಪ್ಪಿಕೊಂಡವಳು ಟೈಪಮ್ಮನ ಕೈ. ಅಂಗಡಿ ಉಳಿಸಿಕೊಳ್ಳಬೇಕು ಅನ್ನುವವಳು ತಾನು. ಇಬ್ಬರೂ ಒಂದೇ ಸ್ಟೂಲಿನ ಮೇಲೆ ಕೂತಿದ್ದರು.

ಮುಂದಿನ ಗಿರಾಕಿಗೆ ಬಾಯಿ ಬಿಡುವುದಿಲ್ಲ ಅಂತ ಆಣೆ ಮಾಡಿಕೊಂಡಳು. ಬಂದವನು ಔಷಧಿ ಅಂಗಡಿಯವನು, ಆರಡಿ. ಅವಳು ತುಟಿ ಬಿಗಿದುಕೊಂಡು ಬರಿಯ ಕೈಸನ್ನೆಯಲ್ಲೇ ಮನೆ ತೋರಿಸಿದಳು. ಅವನು ಹಾಲಿನಲ್ಲಿ ಪುಸ್ ಅಂದ, ಅಡುಗೆಮನೆಯಲ್ಲಿ ಪುಸ್ ಅಂದ, ಬಚ್ಚಲಿನಲ್ಲಿ ಕನ್ನಡಿ ನೋಡಿದ. ಕನ್ನಡಿಯಲ್ಲಿ ಅವನ ಮೂರನೇ ಗುಂಡಿ ಕಾಣಿಸಿತು. “ಮೇಡಂ, ನಿಮಗೆ ಮಾತು ಬರಲ್ವಾ?” ಅಂತ ಕೇಳಿದ. ಬರುತ್ತೆ ಅಂತ ತಲೆಯಾಡಿಸಿದಳು. ಅವನು ಬೇಗ ಬೇಗ ಹೋಗಿಬಿಟ್ಟ. ನರ್ಸಮ್ಮ ಗೇಟಿಗೆ ಒರಗಿಕೊಂಡು ಹೊಟ್ಟೆ ಹಿಡಿದುಕೊಂಡಳು.

ಲೈಬ್ರರಿ ಮೇಡಂ ಬಂದದ್ದು ಒಂದು ಭಾನುವಾರ, ತಾಯಿಯ ಜೊತೆ. ಊರಿನ ಗ್ರಂಥಾಲಯದಲ್ಲಿ ಕೆಲಸ. ಬಾಡಿಗೆ ಮನೆಯವರು ಮುಂದಿನ ತಿಂಗಳ ಕೊನೆಗೆ ಬಿಡಿ ಅಂದಿದ್ದರಂತೆ. ತಾನೂ ಗಿಡ್ಡ, ತಾಯಿ ಇನ್ನೂ ಗಿಡ್ಡ. ಹೊಲಿಗೆಯವಳು ಬಾಗಿಲು ತೆಗೆದು ಅಭ್ಯಾಸಬಲದಿಂದ ಕಣ್ಣು ಮುಚ್ಚಿಕೊಂಡಳು. ಸದ್ದೇ ಬರಲಿಲ್ಲ. ಕಣ್ಣು ಬಿಟ್ಟರೆ ಇಬ್ಬರೂ ಹಾಲಿನ ನಡುವೆ ನೆಟ್ಟಗೆ ನಿಂತಿದ್ದಾರೆ. ಪ್ಯಾಡಿಗೂ ಅವರ ತಲೆಗೂ ನಡುವೆ ಒಂದು ಗೇಣು ಜಾಗ.

ಲೈಬ್ರರಿ ಮೇಡಂ ಗೋಡೆಯ ಕಪಾಟಿನ ಮುಂದೆ ಹೋಗಿ, ಯಾವುದೋ ಗಲಾಟೆಗೆ ಸಿದ್ಧವಾಗುವವಳ ಹಾಗೆ ಉಸಿರೆಳೆದುಕೊಂಡು ಕೈ ಎತ್ತಿದಳು. ಕೈ ಮೇಲಿನ ಹಲಗೆ ಮುಟ್ಟಿತು. ಆಕೆ ಹಲಗೆಯ ಮೇಲೆ ಬೆರಳಾಡಿಸಿ ಧೂಳು ತೆಗೆದು ನೋಡಿದಳು. ಇನ್ನೊಮ್ಮೆ ಮುಟ್ಟಿದಳು.

“ಸ್ಟೂಲಿಲ್ಲದೆ,” ಅಂದಳು. “ಅಮ್ಮ, ನೋಡಿಲ್ಲಿ, ಸ್ಟೂಲಿಲ್ಲದೆ!”

ಹತ್ತೊಂಬತ್ತು ವರ್ಷದಿಂದ ಆಕೆ ಸ್ಟೂಲು ಹತ್ತಿ ಪುಸ್ತಕ ಇಳಿಸುತ್ತಿದ್ದಳು. ಎರಡು ಸಲ ಬಿದ್ದಿದ್ದಳು. ಎತ್ತರದವರನ್ನೇ ತಗೋಬೇಕಿತ್ತು ಅಂತ ಮೇಲಿನವರು ನಗೆಯಾಡುತ್ತಿದ್ದರು; ಕಪಾಟು ತಗ್ಗಿಸಿ ಅಂತ ಆಕೆ ಬರೆದ ಅರ್ಜಿಗಳು ಎಲ್ಲಿ ಹೋದವೋ ದೇವರಿಗೇ ಗೊತ್ತು.

ಅಡುಗೆಮನೆಯಲ್ಲಿ ಕಟ್ಟೆ ಸೊಂಟಕ್ಕೆ ಬಂತು. ಸ್ವಿಚ್ಚು ಭುಜಕ್ಕೆ ಬಂತು. ಕನ್ನಡಿಯಲ್ಲಿ ಹಣೆ, ಕಣ್ಣು, ಮೂಗು, ಬಾಯಿ, ಗಲ್ಲ ಎಲ್ಲ ಬಂತು. ಆಕೆ ಒಂದೊಂದನ್ನೂ ಮುಟ್ಟಿ ಮುಟ್ಟಿ ಕೂಗಿ ಹೇಳಿದಳು. ಕಿಟಕಿಯ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ದೀಪ ಹೊತ್ತಿಸಿದಳು, ಆರಿಸಿದಳು. ಹೊಲಿಗೆಯವಳು ಆಕೆಯ ಹಿಂದೆ ಹಿಂದೆ ಓಡಿದಳು. “ಅಟ್ಟ ನೋಡಿ! ಅಟ್ಟಾನೂ ಸಿಗುತ್ತೆ!” ಅಂತ ತಾನೂ ಕೂಗಿದಳು. ಇಬ್ಬರೂ ಅಟ್ಟಕ್ಕೆ ಕೈ ಹಾಕಿ ಟೈಪಮ್ಮನ ಹಳೆಯ ಪಾತ್ರೆಯೊಂದನ್ನು ಇಳಿಸಿ, ಮತ್ತೆ ಇಟ್ಟು, ಮತ್ತೆ ಇಳಿಸಿದರು.

“ಏ, ಇಲ್ಲಿ ಬನ್ನಿ ಇಬ್ರೂ!” ಹಾಲಿನಿಂದ ಮುದುಕಿ ಕರೆದರು.

ಕಿಟಕಿಯ ಕೆಳಗಿನ ಕಲ್ಲು ಕಟ್ಟೆಯ ಮೇಲೆ ಬೆನ್ನು ಒರಗಿಸಿ ಕೂತಿದ್ದರು. ಎರಡೂ ಪಾದಗಳನ್ನು ತೋರಿಸುತ್ತಿದ್ದರು.

“ನೆಲಕ್ಕೆ ತಾಗುತ್ತೆ ಕಣ್ರೇ. ಬಸ್ಸಲ್ಲಿ, ಆಸ್ಪತ್ರೇಲಿ, ಬೀಗರ ಮನೇಲಿ, ಎಲ್ಲಿ ಕೂತ್ರೂ ಜೀವಮಾನವೆಲ್ಲ ಕಾಲು ಜೋತಾಡಿಸಿಕೊಂಡು ಕೂತಿದ್ದೇನೆ. ಮಗು ಹಾಗೆ. ನೋಡಿ, ತಾಗುತ್ತೆ!”

ಪಾದಗಳಿಂದ ನೆಲವನ್ನು ಪಟಪಟ ಬಡಿದರು. ಮೂವರೂ ನಕ್ಕ ನಗುವಿಗೆ ನರ್ಸಮ್ಮ ಹತ್ತಿ ಹಿಡಿದುಕೊಂಡು ಓಡಿ ಬಂದಳು. ಯಾರಿಗೂ ಏನೂ ಆಗಿಲ್ಲ ಅಂತ ಗೊತ್ತಾದಾಗ ಅವಳಿಗೆ ನಿರಾಸೆಯೇ ಆಯಿತು, ವಾಪಸು ಹೋದಳು.

ಹೊಲಿಗೆಯವಳು ನಗು ಒರೆಸಿಕೊಂಡು ಎಕ್ಸಿಕ್ಯೂಟರ್ ಆದಳು. “ಬಚ್ಚಲ ನೀರು ನಿಧಾನಕ್ಕೆ ಹೋಗುತ್ತೆ. ಹಿಂದಿನ ಗೋಡೇಲಿ ಒಂದು ಬಿರುಕಿದೆ. ಮುಂದಿನ ಕೋಣೇಲಿ ಬಾಡಿಗೆಗೆ ಒಬ್ಬಳು ಹೊಲಿಗೆಯವಳಿದ್ದಾಳೆ. ಅದು ನಾನೇ. ತಗೊಳ್ಳೋ ಮುಂಚೆ ತಿಳ್ಕೊಂಡಿರಿ.”

“ಇರ್ಲಿ ಬಿಡಿ,” ಅಂದಳು ಲೈಬ್ರರಿ ಮೇಡಂ. “ಮಿಷನ್ ಸದ್ದಿದ್ರೆ ನಾನು ಕೆಲಸಕ್ಕೆ ಹೋದಾಗ ಅಮ್ಮನಿಗೆ ಮನೇಲಿ ಯಾರೋ ಇದ್ದ ಹಾಗಿರುತ್ತೆ. ಬಾಡಿಗೆ ಕರಾರು ನನ್ನ ಹೆಸರಿಗೆ ಬದಲಾಯಿಸಿಕೊಂಡ್ರಾಯ್ತು.”

ಹೊಲಿಗೆಯವಳು ಹೊರಗೆ ಬಂದು, ಷಟರಿನ ಪಕ್ಕದ ಗೋಡೆಗೆ ಎರಡೂ ಅಂಗೈ ಇಟ್ಟು, ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ಓಡಿಹೋಗಿ ಎದುರು ಮನೆಯ ನರ್ಸಮ್ಮನನ್ನು ಸೊಂಟ ಹಿಡಿದು ಎತ್ತಿ ಒಂದು ಸುತ್ತು ಸುತ್ತಿಸಿದಳು. ನರ್ಸಮ್ಮ ಅವಳ ಎರಡರಷ್ಟು ತೂಕ.

ವಕೀಲರು ಬೆಲೆ ಕಟ್ಟುವವರನ್ನು ಕರೆಸಿ ಬೆಲೆ ಕಟ್ಟಿಸಿದರು. ಲೈಬ್ರರಿ ಮೇಡಂ ಚೌಕಾಸಿ ಮಾಡದೆ ಒಪ್ಪಿದಳು, ಬ್ಯಾಂಕು ಸಾಲ ಕೊಡಲು ಒಪ್ಪಿತು, ತಂಗಿ ಫೋನಿನಲ್ಲೇ ಆಗಲಿ ಅಂದಳು. ಟೈಮಿಲ್ಲನೂ ಬೆಲೆಗೆ ತಕರಾರು ತೆಗೆಯಲಿಲ್ಲ. ಮಾರಾಟದ ಕರಾರಿಗೆ ಸಹಿ ಹಾಕುವ ದಿನ ಗೊತ್ತಾಯಿತು. ಆ ದಿನಕ್ಕೆ ಲೈಬ್ರರಿ ಮೇಡಂ ಬಾಡಿಗೆ ಮನೆ ಬಿಡಲು ಆರು ದಿನ ಬಾಕಿ.

ಆ ಬೆಳಗ್ಗೆ ವಕೀಲರ ಆಫೀಸಿನಲ್ಲಿ ಕುರ್ಚಿ ಸಾಲದೆ ಪಕ್ಕದ ಆಫೀಸಿನಿಂದ ತರಿಸಿದ್ದರು. ಲೈಬ್ರರಿ ಮೇಡಂ ತಾಯಿಯನ್ನು ಕೂರಿಸಿ ತಾನು ಹಿಂದೆ ನಿಂತಿದ್ದಳು. ಮುದುಕಿಯ ಕಾಲುಗಳು ನೆಲಕ್ಕೆ ಸಿಗದೆ ತೂಗುತ್ತಿದ್ದವು. ಇನ್ನು ಆರೇ ದಿನ ಅಂತ ಹೊಲಿಗೆಯವಳಿಗೆ ಕಣ್ಣು ಮಿಟುಕಿಸಿದರು. ಹೊಲಿಗೆಯವಳು ತಾನೇ ಹೊಲಿದ ಕೋಟು ಹಾಕಿಕೊಂಡು ಬಂದಿದ್ದಳು. ಭುಜಕ್ಕೆ ಪ್ಯಾಡಿರಲಿಲ್ಲ, ಎಲ್ಲ ಬಾಗಿಲಿಗೆ ಖರ್ಚಾಗಿತ್ತು.

ಟೈಮಿಲ್ಲ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ.

“ಇದಕ್ಕೊಂದು ಸಹಿ ಮೊದಲು. ಆಮೇಲೆ ಮಿಕ್ಕಿದ್ದು.”

ಹೊಲಿಗೆಯವಳು ಬೆರಳಿಟ್ಟು ಓದಿದಳು. ನಾಲ್ಕೇ ಸಾಲು. ನಾನು ಈ ಮನೆಯಲ್ಲಿ ಎಂದೂ ಬಾಡಿಗೆದಾರಳಾಗಿರಲಿಲ್ಲ. ತೀರಿಕೊಂಡವರ ಮನೆಗೆಲಸಕ್ಕೆ ಇದ್ದೆ. ಅವರು ದಯೆಯಿಂದ ಒಂದು ಕೋಣೆಯಲ್ಲಿ ಕೂತು ಹೊಲಿದುಕೊಳ್ಳಲು ಬಿಟ್ಟಿದ್ದರು. ಕುಟುಂಬದವರು ಬೀಗ ಹಾಕಿದ್ದರಿಂದ ನನಗೆ ಯಾವ ನಷ್ಟವೂ ಆಗಿಲ್ಲ.

“ಯಾರಿಗೆ ಬೇಕು ಇದು?” ವಕೀಲರು ಕೇಳಿದರು. “ಬಾಡಿಗೆ ಕರಾರು ಟೈಪಮ್ಮನೇ ಟೈಪು ಮಾಡಿರೋದು ನನ್ನ ಫೈಲಲ್ಲಿದೆ. ತಗೊಳ್ಳೋರಿಗೂ ಅಭ್ಯಂತರ ಇಲ್ಲ.”

“ನನಗೆ ಬೇಕು. ನಾಳೆ ಇವಳು ಬೀಗ ಹಾಕಿದ್ರು ಅಂತ ಪೊಲೀಸಿಗೆ ಹೋದ್ರೆ? ಪತ್ರಿಕೆಯವರಿಗೆ ಹೇಳಿದ್ರೆ? ನನಗೆ ಆಫೀಸಿದೆ, ಮರ್ಯಾದೆ ಇದೆ. ಸಹಿ ಹಾಕಿದ್ರೆ ಸರಿ. ಇಲ್ಲ ಅಂದ್ರೆ ಇವತ್ತೇ ಕೋರ್ಟಿಗೆ ತಕರಾರು ಅರ್ಜಿ. ಎಕ್ಸಿಕ್ಯೂಟರ್ ಸುಳ್ಳು ಅಳತೆ ಕೊಟ್ಟಿದ್ದಾಳೆ, ಗಿರಾಕಿಗಳನ್ನ ಓಡಿಸಿದ್ದಾಳೆ, ತನ್ನ ಅಂಗಡಿ ಉಳಿಸೋರಿಗೇ ಮನೆ ಮಾರ್ತಿದ್ದಾಳೆ. ಎಲ್ಲ ಬರೆಸಿಟ್ಟಿದ್ದೇನೆ.”

ವಕೀಲರು ಸೀನಿದರು. ಒಮ್ಮೆ, ಎರಡು ಸಲ. ಆಮೇಲೆ ಹೊಲಿಗೆಯವಳ ಕಡೆ ನೋಡದೆ ಹೇಳಿದರು: “ಅರ್ಜಿ ನಿಲ್ಲಲ್ಲ. ಆದ್ರೆ ಅದು ಬಿದ್ದುಹೋಗೋಕೇ ಒಂದು ವರ್ಷ ಆಗುತ್ತೆ. ಅಲ್ಲಿವರೆಗೆ ಮಾರೋ ಹಾಗಿಲ್ಲ.”

“ಅಕ್ಕ, ಒಂದು ಸಹಿ ತಾನೇ,” ಅಂದಳು ತಂಗಿ, ಮೊದಲ ಸಲ ಫೋನಿನಿಂದ ತಲೆಯೆತ್ತಿ. “ಯಾರು ಓದ್ತಾರೆ ಅದನ್ನ? ಮುಗಿಸಿಬಿಡಿ.”

ಲೈಬ್ರರಿ ಮೇಡಂ ಬಗ್ಗಿ ಹೊಲಿಗೆಯವಳ ಕಿವಿಯ ಹತ್ತಿರ ಹೇಳಿದಳು. “ಹಾಕಿಬಿಡಿ. ನಿಮ್ಮ ಕೋಣೆ ನಿಮಗೇ. ಹೊಸ ಕರಾರು ಮಾಡ್ಕೊಡ್ತೀನಿ, ಇವತ್ತೇ, ಇಲ್ಲೇ. ನೀವು ಒಂದಿಷ್ಟೂ ಕಳ್ಕೊಳ್ಳಲ್ಲ.” ಆಕೆಗೆ ಉಳಿದಿದ್ದದ್ದು ಆರು ದಿನ.

ಅದು ನಿಜ. ಸಹಿ ಹಾಕಿದರೆ ಅಂಗಡಿ ಉಳಿಯುತ್ತದೆ, ಮನೆ ಮಾರಾಟವಾಗುತ್ತದೆ, ಮುದುಕಿಯ ಕಾಲು ನೆಲಕ್ಕೆ ತಾಗುತ್ತದೆ. ಹಾಕದಿದ್ದರೆ ಒಂದು ವರ್ಷ ಎಲ್ಲವೂ ತೂಗಾಡುತ್ತದೆ. ಹೊಲಿಗೆಯವಳು ಲೆಕ್ಕ ಹಾಕಬೇಕಾದ್ದೇ ಇರಲಿಲ್ಲ, ಎಲ್ಲ ಅಷ್ಟು ಸಲೀಸಾಗಿತ್ತು. ಪೆನ್ನು ಎತ್ತಿಕೊಂಡಳು. ಕ್ಯಾಪು ತೆಗೆದಳು. ಕಾಗದದ ಕೆಳಗೆ ತನ್ನ ಹೆಸರು ಅಚ್ಚಾಗಿ ಕೂತಿತ್ತು, ಅದರ ಮೇಲೆ ಒಂದು ಗೆರೆ.

ಆಗ ಮತ್ತೆ ಅದೇ ಬಿಕ್ಕಳಿಕೆಯ ಹಾಗಿನ ನಗು ಹೊಟ್ಟೆಯಿಂದ ಮೇಲೆ ಬಂತು. ಈ ಸಲ ಅವಳು ತುಟಿ ಕಚ್ಚಲಿಲ್ಲ.

“ಏನು ನಗು?” ಅಂದ ಟೈಮಿಲ್ಲ. “ಬೇಗ ಹಾಕು. ನನಗೆ ಟೈ...” ಅಂತ ಶುರು ಮಾಡಿ, ಎಲ್ಲರೂ ತನ್ನನ್ನೇ ನೋಡುತ್ತಿದ್ದದ್ದು ಕಂಡು ನಿಲ್ಲಿಸಿದ.

“ಮನೆಗೆಲಸ ಏನು ಕೀಳಲ್ಲ ಸಾರ್,” ಅಂದಳು ಹೊಲಿಗೆಯವಳು. “ನನ್ನಮ್ಮ ಮಾಡಿದ್ಲು. ನಾನು ಮಾಡಿದ್ರೆ ಮಾಡಿದ್ದೆ ಅಂತ್ಲೇ ಬರ್ಕೊಡ್ತಿದ್ದೆ. ನಾನು ಮಾಡಿದ್ದು ಹೊಲಿಗೆ. ಯಾರ ದಯದಲ್ಲೂ ಅಲ್ಲ. ಇಪ್ಪತ್ತೆರಡು ವರ್ಷ ಬಾಡಿಗೆ ಕೊಟ್ಟು ಕೂತು ಹೊಲಿದೆ. ನೀವು ಬೀಗ ಹಾಕಿದ ಒಂಬತ್ತು ದಿನ ಬೀದೀಲಿ ನಿಂತಿದ್ದೆ. ಆಗ ನಷ್ಟ ಆಯ್ತು.”

“ಅದೆಲ್ಲ ಯಾರು ಕೇಳಿದ್ರು? ಸಹಿ ಹಾಕು ಅಂದ್ರೆ ಹಾಕು.”

ಅವಳು ಲೈಬ್ರರಿ ಮೇಡಂ ಕಡೆ ತಿರುಗಿದಳು. “ತಪ್ಪು ತಿಳ್ಕೋಬೇಡಿ ಮೇಡಂ. ನಿಮಗೆ ಇದರಿಂದ ತೊಂದರೆ ಆಗುತ್ತೆ, ನನಗೆ ಗೊತ್ತು. ಅಲ್ಲಿವರೆಗೆ ನನ್ನ ಅಂಗಡಿ ಕೋಣೇಲಿ ನಿಮ್ಮಿಬ್ಬರಿಗೆ ಮಲಗೋಕೆ ಜಾಗ ಆಗುತ್ತೆ. ಮಿಷನ್ನು ಒಂದು ಕಡೆ ಸರಿಸ್ತೀನಿ.”

ತಾಯಿಯ ಭುಜದ ಮೇಲಿದ್ದ ಲೈಬ್ರರಿ ಮೇಡಂ ಕೈ ಅಲ್ಲೇ ಬಿಗಿಯಾಯಿತು. ಮುದುಕಿ ಮಾತ್ರ, “ಎಷ್ಟು ಅಡಿ ಕೋಣೆ ಅದು?” ಅಂತ ಕೇಳಿದರು.

“ಹತ್ತಕ್ಕೆ ಹನ್ನೆರಡು, ಅಜ್ಜಿ.”

“ಕೊನೇ ಸಲ ಕೇಳ್ತಿದ್ದೇನೆ,” ಅಂದ ಟೈಮಿಲ್ಲ. ಕಾಗದವನ್ನು ಅವಳ ಕಡೆಗೆ ಇನ್ನೂ ಮುಂದಕ್ಕೆ ನೂಕಿದ. “ಹಾಕ್ತೀಯೋ ಇಲ್ವೋ?”

ಹೊಲಿಗೆಯವಳು ಪೆನ್ನಿಗೆ ಕ್ಯಾಪು ಹಾಕಿ, ಅದನ್ನು ಕಾಗದದ ಮೇಲೆ ಅಡ್ಡಲಾಗಿ ಇಟ್ಟಳು.

“ಇಲ್ಲ,” ಅಂದಳು. “ಹಾಕಲ್ಲ.”